ಜೋಕಿಗಿಂತ ಮೊದಲೇ ನಕ್ಕವಳು

ಸಮರ್ಥಾ, ಸೃಷ್ಟಿ, ನಿಮ್ಮ ಮುಂದೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಿಮ್ಮ ಅಜ್ಜಿ, ನಿಮ್ಮ ಬಾಯಲ್ಲಿ ಆಯಿ, ಎಂಟು ವರ್ಷ ಒಬ್ಬರ ಅಭಿಮಾನಿಯಾಗಿದ್ದಳು. ಎದುರಿಗೆ ಕೂಡಿಸಿಕೊಂಡು ಹೇಳೋಣವೆಂದರೆ ನೀವಿಬ್ಬರೂ ನನ್ನ ಮುಖ ನೋಡುತ್ತೀರಿ. ಯಾರಾದರೂ ಮುಖ ನೋಡಿದರೆ ನನ್ನ ಮಾತು ಗಂಟಲಲ್ಲೇ ಕುಳಿತುಬಿಡುತ್ತದೆ. ಹಾಳೆಗೆ ಕಣ್ಣಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಭಿಮಾನ ಎಂದರೆ ಏನೆಂದು ನನಗೀಗ ಚೆನ್ನಾಗಿ ತಿಳಿದಿದೆ. ನಮ್ಮ ತಲೆಯನ್ನು ಟೋಪಿಯಂತೆ ತೆಗೆದು ಇನ್ನೊಬ್ಬರ ಮನೆಯ ಗೂಟಕ್ಕೆ ನೇತುಹಾಕಿ ಬರುವುದು. ಬೇಕಾದಾಗ ಹೋಗಿ ಕೇಳಿದರೆ, ಅದು ಯಾರದೆಂದು ಆ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಅವರು ಸಿನಿಮಾ ನಟರೆಂದು ತಿಳಿಯಬೇಡಿ. ಅಷ್ಟಾದರೂ ಆಗಿದ್ದರೆ ನೋಡಲು ಲಕ್ಷಣವಾಗಿ ಇರುತ್ತಿದ್ದರು. ನಾನು ಮೆಚ್ಚಿದ್ದು ಒಬ್ಬ ಹಾಸ್ಯ ಭಾಷಣಕಾರರನ್ನು. ಹೆಸರು ಬರೆಯುವುದಿಲ್ಲ, ಅಷ್ಟು ಪ್ರಚಾರವನ್ನೂ ಅವರಿಗೆ ಕೊಡುವ ಮನಸ್ಸಿಲ್ಲ. ಹಾಸ್ಯದವರು ಎನ್ನುತ್ತೇನೆ. ಬಹುವಚನ ಬಿಡುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ನಿಮ್ಮ ಅಜ್ಜ ತೀರಿಕೊಂಡ ವರ್ಷ ನಿಮ್ಮ ಅಪ್ಪ ನನಗೊಂದು ಮೊಬೈಲು ತಂದುಕೊಟ್ಟ. ಅದರಲ್ಲಿ ಒಂದು ದಿನ ಯಾರೋ ತೊಡೆ ತಟ್ಟಿಕೊಂಡು, "ನಮಸ್ಕಾರ್ರೀ ನಮ್ಮ ಮಣ್ಣಿನ ಮಂದೀ" ಎಂದು ಕೂಗಿದರು. ನಾಲ್ಕು ತಿಂಗಳಿಂದ ಮನೆಯಲ್ಲಿ ನನ್ನೊಡನೆ ಎಲ್ಲರೂ ಪಿಸುದನಿಯಲ್ಲೇ ಮಾತಾಡುತ್ತಿದ್ದರು. ಅಷ್ಟು ಜೋರಾಗಿ ನನಗೆ ನಮಸ್ಕಾರ ಹೇಳಿದ ಮೊದಲನೆಯ ಮನುಷ್ಯ ಅವರೇ. ನಾನು ಸೋತೆ. ಅಂದಿನಿಂದ ರೊಟ್ಟಿ ಬಡಿಯುವಾಗ ಅವರು, ತೊಗರಿಬೇಳೆ ಆರಿಸುವಾಗ ಅವರು. ಒಂದು ದಪ್ಪ ರಟ್ಟಿನ ನೋಟುಬುಕ್ಕು ತರಿಸಿ ಅವರ ಜೋಕುಗಳನ್ನೆಲ್ಲ ಬರೆದುಕೊಂಡೆ. ಎಲ್ಲಿ ಕೆಮ್ಮುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ನೀರು ಕುಡಿಯುತ್ತಾರೆ, ಅದನ್ನೂ ಪಕ್ಕದಲ್ಲಿ ಗುರುತು ಹಾಕಿದೆ. ಎಂಟು ವರ್ಷದಲ್ಲಿ ಒಟ್ಟು ನಲವತ್ತೊಂದು ಜೋಕು ಆದವು. ಅವನ್ನೇ ಅವರು ಒಗೆದು, ಹಿಂಡಿ, ಬೇರೆ ಬೇರೆ ಊರಲ್ಲಿ ಒಣಗಿಸುತ್ತಿದ್ದರು. ಇಷ್ಟನ್ನು ಬರೆದುಕೊಂಡವಳಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಗೂಟಕ್ಕೆ ನೇತುಹಾಕಿದ ತಲೆಗೆ ಅನುಮಾನ ಹೇಗೆ ಬಂದೀತು?

ಇನ್ನು ಕಾಲೇಜಿನ ವಿಷಯ. ನಾನು ಓದಿದ್ದು ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ. ಎರಡು ಕೋಣೆ, ಒಬ್ಬ ಮಾಸ್ತರರು. ಅವರು ಪ್ರಶ್ನೆ ಕೇಳಿದರೆ ನಾನು ಲಂಗದ ಅಂಚು ಬಾಯಲ್ಲಿ ಕಚ್ಚಿಕೊಂಡು ನಿಲ್ಲುತ್ತಿದ್ದೆ. ಉತ್ತರ ಗೊತ್ತಿರುತ್ತಿತ್ತು, ಬಾಯಿ ಖಾಲಿ ಇರುತ್ತಿರಲಿಲ್ಲ. ಮದುವೆಯಾಗಿ ಕಮಲಾಪುರಕ್ಕೆ ಬಂದ ಮೇಲೆ ಆ ಅಭ್ಯಾಸಕ್ಕೆ ಮರ್ಯಾದಸ್ಥ ಸೊಸೆ ಎಂಬ ಒಳ್ಳೆಯ ಹೆಸರು ಸಿಕ್ಕಿತು. ನಿಮ್ಮ ಅಜ್ಜ ಹೋದ ಮೇಲೆ ಬಾಹ್ಯವಾಗಿ ಹತ್ತನೆಯದು ಕಟ್ಟಿದೆ, ಪಿಯುಸಿ ಕಟ್ಟಿದೆ. ಪರೀಕ್ಷೆಯಲ್ಲಿ ಮಾತಾಡುವ ಹಾಗಿಲ್ಲವಲ್ಲ, ಅದೊಂದು ನನಗೆ ಒಗ್ಗಿತು. ಆಮೇಲೆ ಐವತ್ನಾಲ್ಕನೆಯ ವಯಸ್ಸಿನಲ್ಲಿ ಕಲಬುರಗಿಯ ಒಂದು ಕಾಲೇಜಿಗೆ ಬಿ.ಎ. ಮೊದಲ ವರ್ಷಕ್ಕೆ ಸೇರಿದೆ. ನಿಮ್ಮ ಅಪ್ಪ ಅಡ್ಡ ಬರಲಿಲ್ಲ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಾನೆ. ಹೌದು, ಅಡ್ಡ ಬರಲಿಲ್ಲ, ದಿನಾ ಜೊತೆಗೆ ಬಂದ. ಬೆಳಿಗ್ಗೆ ಮೋಟರ್ ಸೈಕಲ್ಲಿನ ಮೇಲೆ ಬಸ್ ನಿಲ್ದಾಣಕ್ಕೆ ತಂದು, ಕಂಡಕ್ಟರನ ಕೈಗೆ ನನ್ನನ್ನು ಗಂಟುಮೂಟೆಯಂತೆ ಒಪ್ಪಿಸುತ್ತಿದ್ದ.

"ಅಣ್ಣಾರ, ನಮ್ಮ ಅವ್ವ ಹೊಂಟಾಳ. ಕಲಬುರಗಿ ಬಸ್ ಸ್ಟ್ಯಾಂಡಿಗೆ ಇಳಿಸ್ರಿ. ಆಕೀಗಿ ಗೊತ್ತಾಗಂಗಿಲ್ಲ."

ಆ ಬಸ್ಸು ಕಲಬುರಗಿಯಲ್ಲೇ ನಿಲ್ಲುತ್ತದೆ, ಅದರಾಚೆ ಹೋಗುವುದೇ ಇಲ್ಲ. ಇಳಿಯದಿದ್ದರೆ ಡಿಪೋದಲ್ಲಿ ತೊಳೆಯುವಾಗ ನೀರು ಹೊಡೆದು ಇಳಿಸುತ್ತಾರೆ. ಇಷ್ಟು ನನಗೆ ಗೊತ್ತಿತ್ತು. ಆದರೆ ಹೇಳಬೇಕಲ್ಲ? ತಲೆ ತಗ್ಗಿಸಿ ಆಧಾರ್ ಕಾರ್ಡು ತೋರಿಸಿ ಕೂಡುತ್ತಿದ್ದೆ.

ಕಾಲೇಜಿನ ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೇ ಅರವತ್ತು ಹುಡುಗಿಯರು ದಡದಡ ಎದ್ದು "ಗುಡ್ ಮಾರ್ನಿಂಗ್ ಮೇಡಂ" ಎಂದರು. ನನಗೆ ನಾಚಿಕೆಯಾಗಿ ಹಾಗೆಯೇ ತಿರುಗಿ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತೆ. ಅಲ್ಲಿಂದ ನನ್ನನ್ನು ಕೈ ಹಿಡಿದು ಕರೆತಂದವಳು ನಾಜಿಯಾ. ಕಲಬುರಗಿಯ ಮೋಮಿನಪುರದ ಹುಡುಗಿ, ಹದಿನೆಂಟು ವರ್ಷ, ನಾಲಿಗೆಗೆ ಎಲುಬು ಹಾಗಿರಲಿ, ಸ್ನಾಯುವೂ ಇದ್ದಂತಿಲ್ಲ, ಅಷ್ಟು ಸಲೀಸು. ಚಿಕ್ಕಮ್ಮನಿಗೆ ಅನ್ನುವಂತೆ ನನ್ನನ್ನು ಖಾಲಾ ಅನ್ನುತ್ತಾಳೆ. ನನ್ನ ಗುರುತಿನ ಚೀಟಿ ನೋಡಿ ಅವಳು ಅಂದದ್ದು ಹೀಗೆ:

"ಯೇ ಕ್ಯಾ ಖಾಲಾ! ಫೋಟೋದಾಗ ಬತ್ತೀಸ್ ಹಲ್ಲೂ ತಗದು ನಗಾಕತ್ತೀರಿ, ಕ್ಲಾಸಿನ್ಯಾಗ ತುಟಿ ಸೈತ ಬಿಚ್ಚಂಗಿಲ್ಲ. ಇಬ್ಬರೊಳಗ ಖರೇನ ಯಾರು?"

ಆ ಫೋಟೋದ ವಿಷಯ ಆಮೇಲೆ ಬರುತ್ತದೆ.

ಕಾಲೇಜಿನಲ್ಲಿ ಓದುವುದು ಕಷ್ಟವಲ್ಲ ಮಕ್ಕಳೇ. ಅರ್ಧ ಪಾಠವನ್ನು ಕಲಿಸುವವರೂ ಓದಿರುವುದಿಲ್ಲ, ನಮಗೂ ಓದಿಸುವುದಿಲ್ಲ. ಕಷ್ಟವಾದದ್ದು ಸೆಮಿನಾರು. ಪ್ರತಿಯೊಬ್ಬಳೂ ಎಲ್ಲರ ಎದುರು ಬಂದು ಐದು ನಿಮಿಷ ಮಾತಾಡಬೇಕು, ಅದಕ್ಕೆ ಹತ್ತು ಅಂಕ. ನನ್ನ ಸರದಿ ಎರಡು ಸಲ ಬಂತು. ಒಮ್ಮೆ ಜ್ವರ ಎಂದೆ, ಇನ್ನೊಮ್ಮೆ ಎದ್ದು ನಿಂತು, ಸೆರಗಿನ ಅಂಚು ಬಾಯಿಗೆ ಹೋಗಿ, ಕೂತೆ. ಕನ್ನಡ ಮೇಡಂ ಮೆತ್ತಗೆ ಹೇಳಿದರು: "ಮುಂದಿನ ಸೋಮವಾರ ಕಡೀ ಚಾನ್ಸ್ ನೋಡ್ರೀ ಅಮ್ಮಾರ. ‘ನನ್ನ ಊರು’ ಅಂತ ಏನರ ಹೇಳ್ರಿ ಸಾಕು." ಅಂದು ಬಸ್ಸಿನಲ್ಲಿ ಕೂತು ನಿರ್ಧಾರ ಮಾಡಿದೆ, ಸೋಮವಾರ ಬಾಯಿ ತೆರೆಯದಿದ್ದರೆ ಮಂಗಳವಾರದಿಂದ ಕಾಲೇಜಿಗೆ ಬರುವುದಿಲ್ಲ ಎಂದು. ಹತ್ತು ಅಂಕದ ಆಸೆಗೆ ಅಲ್ಲ. ಮೂವತ್ತು ವರ್ಷ ಸೆರಗು ಕಚ್ಚಲು ಕಮಲಾಪುರವೇ ಸಾಕಾಗಿತ್ತು, ಅದಕ್ಕಾಗಿ ದಿನಾ ಬಸ್ಸು ಹತ್ತಬೇಕೆ?

ಅಷ್ಟರಲ್ಲಿ ದೇವರೇ ಕಣ್ಣು ಬಿಟ್ಟ ಎಂದುಕೊಂಡೆ. ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ, ಕಾಲೇಜಿನ ವಾರ್ಷಿಕ ಗ್ಯಾದರಿಂಗು. ಮುಖ್ಯ ಅತಿಥಿ ಯಾರು? ನಮ್ಮ ಹಾಸ್ಯದವರು! ಸಾವಿರಾರು ಜನರ ಮುಂದೆ ಬೆವರದೆ ಮಾತಾಡುವ ಮನುಷ್ಯ. ಅವರ ಕಾಲಿಗೆ ನಮಸ್ಕಾರ ಮಾಡಿ, "ಹ್ಯಾಂಗ ಮಾತಾಡೂದು, ಒಂದು ಯುಕ್ತಿ ಹೇಳ್ರಿ" ಎಂದು ಕೇಳಿಬಿಟ್ಟರೆ ಸೋಮವಾರ ದಾಟಿದಂತೆಯೇ. ಬರಿಗೈಯಲ್ಲಿ ಹೋಗಬಾರದಲ್ಲ, ನಮ್ಮ ಹಿತ್ತಲಿನ ಕೆಂಪು ಬಾಳೆಹಣ್ಣು ಒಂದು ಫಣಿ, ಅಂದರೆ ಗೊನೆಯ ಒಂದು ಚಿಪ್ಪು, ತೆಗೆದೆ. ನಿಮಗೆ ಗೊತ್ತು, ಆ ಗಿಡ ಗೊನೆ ಕೊಡಲು ಒಂದೂವರೆ ವರ್ಷ ಸತಾಯಿಸುತ್ತದೆ. ಅದರ ಮೊದಲ ಫಣಿಯನ್ನು ನಿಮಗೂ ಮುಟ್ಟಗೊಡದೆ ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಹಣ್ಣಿಗೆ ಇಟ್ಟದ್ದು ಅವರಿಗಾಗಿ. ಸೃಷ್ಟಿ ಎರಡು ದಿನ ಅತ್ತಳು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಶನಿವಾರ ಮಧ್ಯಾಹ್ನ ಅತಿಥಿಗಳ ಕೋಣೆಯ ಬಾಗಿಲಲ್ಲಿ ಹಣ್ಣು ಹಿಡಿದು ನಿಂತೆ. ನಾಜಿಯಾ ಹಿಂದಿನಿಂದ ದೂಡಿದಳು. ಹಾಸ್ಯದವರು ಕುರ್ಚಿಯಲ್ಲಿ ಕೂತು ಗೋಡಂಬಿ ತಿನ್ನುತ್ತಿದ್ದರು. ಮೊಬೈಲಿನಲ್ಲಿ ಕಂಡದ್ದಕ್ಕಿಂತ ಗಿಡ್ಡ. ನಾನು ಹಣ್ಣನ್ನು ಮುಂದೆ ಚಾಚಿದೆ. ಅವರು ಅದನ್ನೂ ನನ್ನನ್ನೂ ಒಮ್ಮೆ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನ್ ತಾಯಿ? ಕೊಳತಾವೇನು? ಕೆಂಪಗ ಆಗ್ಯಾವಲ್ಲ!"

ನಮ್ಮ ಮಣ್ಣು, ನಮ್ಮ ಮಣ್ಣಿನ ವಾಸನೆ ಎಂದು ಎಂಟು ವರ್ಷದಿಂದ ತೊಡೆ ತಟ್ಟಿದ ಮನುಷ್ಯನಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಗೊತ್ತಿಲ್ಲ! ನಾಜಿಯಾ ಬಾಯಿ ತೆರೆಯುವಷ್ಟರಲ್ಲಿ ಅವರು, "ಇರಲಿ, ಅಲ್ಲೆ ಮೂಲ್ಯಾಗ ಇಟ್ಟು ಹೋಗ್ರಿ" ಎಂದು ಮತ್ತೊಂದು ಗೋಡಂಬಿ ತೆಗೆದುಕೊಂಡರು. ನಾನು ಮೂಲೆಯಲ್ಲಿ ಇಟ್ಟು ಬಂದೆ. ಯುಕ್ತಿ ಕೇಳುವುದು ಅಲ್ಲಿಗೆ ಮುಗಿಯಿತು. ಆದರೂ ನಾನು ಏನು ಅಂದುಕೊಂಡೆ ಗೊತ್ತೇ? ಪಾಪ, ದೊಡ್ಡ ಮನುಷ್ಯರು, ದಣಿದಿರಬೇಕು, ಎಂದು! ಅಭಿಮಾನಿಯ ತಲೆಯೊಳಗೆ ದೊಡ್ಡವರಿಗಾಗಿ ಸದಾ ಒಬ್ಬ ವಕೀಲ ಕೂತಿರುತ್ತಾನೆ. ಕೂಲಿಯನ್ನೂ ಕೇಳುವುದಿಲ್ಲ.

ಸಭಾಂಗಣದಲ್ಲಿ ಸ್ವಯಂಸೇವಕಿಯರು ನನ್ನ ನರೆಗೂದಲು ನೋಡಿ, ಯಾರದೋ ತಾಯಿ ಎಂದು ತಿಳಿದು, ಎಲ್ಲರಿಗಿಂತ ಮುಂದಿನ ಸೋಫಾದಲ್ಲಿ ಕೂಡಿಸಿದರು. ಸ್ವಾಗತ ಆಯಿತು, ಸ್ವಾಗತಿಸಿದವರಿಗೆ ಸ್ವಾಗತ ಆಯಿತು. ಕಾಲು ತಾಸಿನ ಪರಿಚಯದ ತುಂಬ ಹಾಸ್ಯದವರಿಗೆ ಎಲ್ಲೆಲ್ಲಿ ಶಾಲು ಹೊದಿಸಿದ್ದಾರೆ ಎಂಬುದನ್ನೇ ಓದಿದರು. ಅಷ್ಟೂ ಶಾಲು ಒಟ್ಟಿಗೆ ಹೊದ್ದರೆ ನಮ್ಮ ಬಿಸಿಲಿಗೆ ಮನುಷ್ಯ ಉಳಿಯುವುದಿಲ್ಲ. ಕೊನೆಗೆ ಅವರು ಎದ್ದು ತೊಡೆ ತಟ್ಟಿದರು.

"ಮನ್ಯಾಗ ನನ್ನ ಹೇಣ್ತಿ ಕೇಳಿದ್ಳು. ಊರೆಲ್ಲಾ ನಗಸ್ತೀರಿ, ನನಗ ಯಾಕ ನಗಸಂಗಿಲ್ಲ ಅಂತ..."

ನಾನು ಗೊಳ್ಳೆಂದು ನಕ್ಕೆ. ಜೋಕು ಇನ್ನೂ ಬಂದಿರಲಿಲ್ಲ. "ಊರಾಗ ಮೈಕು ನನ್ನ ಕೈಯಾಗ ಇರ್ತದ, ಮನ್ಯಾಗ ನಿನ್ನ ಕೈಯಾಗ" ಎಂಬುದು ಮುಂದಿನ ಮಾತು. ಅದಕ್ಕೆ ಮುಂಚೆ ಒಂದು ಕೆಮ್ಮು ಇದೆ. ನಾನು ಕೆಮ್ಮಿಗೇ ನಕ್ಕಿದ್ದೆ. ಎಂಟು ವರ್ಷ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕವಳಿಗೆ ನಾಲ್ಕು ಜನರೊಡನೆ ಸರಿಯಾದ ಹೊತ್ತಿಗೆ ನಗುವುದು ಹೇಗೆಂದು ತಿಳಿದಿರಲಿಲ್ಲ. ಸಭೆ ನನ್ನ ಕಡೆ ತಿರುಗಿತು. ಎರಡನೆಯದು ಬೀಗರ ಊಟದ ಜೋಕು. ಅವರು "ಬೀಗರು ಎಲಿ ಮುಂದ ಕುಂತ್ರು" ಎಂದರಷ್ಟೇ, ನನ್ನ ನಗು ಮತ್ತೆ ಜಾರಿತು. ಈ ಸಲ ಇಡೀ ಸಭೆ ನಕ್ಕಿತು. ನಕ್ಕಿದ್ದು ನನ್ನ ನಗುವಿಗೆ. ಅವರ ಬೀಗರು ಎಲೆಯ ಮುಂದೆ ಕೂತೇ ಉಳಿದರು.

ಹಾಸ್ಯದವರ ಮುಖದಲ್ಲಿ ಹಲ್ಲು ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. "ಏನ್ ತಾಯಿ, ನಾ ಹೇಳೂಕಿಂತ ಮೊದಲೇ ನಗಾಕತ್ತೀರಿ! ಎಲ್ಲಾ ಬಾಯಿಪಾಠ ಅದ ಅಂತ ಕಾಣ್ತದ. ಹಂಗಾದ್ರ ನೀವೇ ಬಂದು ಹೇಳ್ರಿ. ಬರ್ರಿ, ಬರ್ರಿ!" ಎಂದು ಮೈಕನ್ನು ನನ್ನತ್ತ ಚಾಚಿದರು. ನಾನು ಭೂಮಿಯೊಳಗೆ ಇಳಿಯುತ್ತೇನೆ ಎಂದು ಅವರ ಲೆಕ್ಕ. ನನ್ನದೂ ಅದೇ. ಆದರೆ ಹಿಂದಿನಿಂದ ಹುಡುಗಿಯರು "ಅಮ್ಮಾ, ಅಮ್ಮಾ" ಎಂದು ಕೂಗತೊಡಗಿದರು, ನಾಜಿಯಾ ಓಡಿಬಂದು ರಟ್ಟೆ ಹಿಡಿದು ವೇದಿಕೆ ಹತ್ತಿಸಿಯೇಬಿಟ್ಟಳು.

ಮೈಕು ಕೈಯಲ್ಲಿ ಹಿಡಿದೆ. ಕಣ್ಣು ಮುಚ್ಚಿದೆ. ಎದುರಿಗೆ ಒಲೆ ಇದೆ, ಹಂಚಿನ ಮೇಲೆ ರೊಟ್ಟಿ ಇದೆ ಅಂದುಕೊಂಡೆ. ಬಾಯಿ ತಾನೇ ತೆರೆದುಕೊಂಡಿತು. "ನಮಸ್ಕಾರ್ರೀ ನಮ್ಮ ಮಣ್ಣಿನ ಮಂದೀ!" ಅದು ನನ್ನ ದನಿಯಾಗಿರಲಿಲ್ಲ, ಅವರದೇ. ಕೆಮ್ಮು ಕೂಡ ಅವರದೇ, ತೊಡೆಯನ್ನೂ ತಟ್ಟಿದೆ. ಹೆಂಡತಿಯ ಜೋಕು ಹೇಳಿದೆ, ಬೀಗರಿಗೆ ಊಟ ಬಡಿಸಿ ಕೈ ತೊಳೆಸಿದೆ. ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಆ ಗುಂಗಿನಲ್ಲಿ ಮೂರನೆಯದಕ್ಕೆ ಕೈಹಾಕಿದೆ. ನನ್ನ ನೋಟುಬುಕ್ಕಿನಲ್ಲಿ ಎರಡು ಗೆರೆ ಎಳೆದು ಮೆಚ್ಚಿದ ಜೋಕು ಅದು. ಒಬ್ಬ ಮುದುಕಿ ವಿಧವಾ ವೇತನದ ಅರ್ಜಿಗೆ ಫೋಟೋ ತೆಗೆಸಲು ಸ್ಟುಡಿಯೋಕ್ಕೆ ಹೋಗುತ್ತಾಳೆ. ಫೋಟೋದವ "ಸ್ವಲ್ಪ ನಗು ಮುದುಕಿ" ಅನ್ನುತ್ತಾನೆ. ಅವಳು, "ಗಂಡ ಸತ್ತಾನ ಅಂತ ರೊಕ್ಕ ಕೇಳಾಕ ಹೊಂಟೀನಿ, ನಕ್ಕರ ಕೊಡ್ತಾರೇನೋ ಮಗನ?" ಅನ್ನುತ್ತಾಳೆ.

ನಾನು ಮುದುಕಿಯನ್ನು ಸ್ಟುಡಿಯೋದವರೆಗೆ ಕರೆತಂದೆ. ಹಾಸ್ಯದವರಂತೆ ಸೊಂಟ ಬಗ್ಗಿಸಿ, ಬೊಚ್ಚು ಬಾಯಿ ಮಾಡಿ, ಕುರ್ಚಿಯ ಮೇಲೆ ಕೂಡಿಸಿದೆ. ಅಲ್ಲಿ ನಿಂತುಬಿಟ್ಟೆ. ಆ ಕುರ್ಚಿ ನನಗೆ ಗೊತ್ತಿತ್ತು. ಅದರ ಮೇಲೆ ನಾನೇ ಕೂತಿದ್ದೆ. ಸಭೆ ಕಾಯುತ್ತಿತ್ತು. ಹಾಸ್ಯದವರು ಮೈಕು ಕಿತ್ತುಕೊಂಡು, "ನಕ್ಕರ ಕೊಡ್ತಾರೇನೋ ಮಗನ!" ಎಂದು ಮುಗಿಸಿಯೇಬಿಟ್ಟರು. ಎಲ್ಲರೂ ನಕ್ಕರು. ಎಂಟು ವರ್ಷದಲ್ಲಿ ಮೊದಲ ಸಲ ನಾನು ನಗಲಿಲ್ಲ.

ಆಮೇಲೆ ಅವರು ಜೋಕು ಹೇಳುವ ಗೋಜಿಗೆ ಹೋಗಲಿಲ್ಲ. ಮುಂದಿನ ಸಾಲಿನಲ್ಲಿ ಅವರ ನೋಟುಬುಕ್ಕು ಕೂತಿತ್ತಲ್ಲ! ಶಿಸ್ತು, ಸಮಯಪಾಲನೆ, ತಂದೆತಾಯಿಯ ಸೇವೆ ಎಂದು ಏಳೆಂಟು ನಿಮಿಷ ಏನೋ ಹೇಳಿ, ಮತ್ತೊಂದು ಶಾಲು ಹೊದ್ದುಕೊಂಡು ಹೋದರು. ಬಾಳೆಹಣ್ಣು ಮೂಲೆಯಲ್ಲೇ ಬಿದ್ದಿತ್ತು. ನಾನು ಹೋಗಿ ತೆಗೆದುಕೊಂಡು ಬಂದೆ. ಅಂಥ ಧೈರ್ಯದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾಜಿಯಾ ಮತ್ತು ನಾನು ಆ ಹಣ್ಣು ತಿಂದೆವು. "ನಡುವ ಯಾಕ ನಿಂತ್ರಿ ಖಾಲಾ? ಮಸ್ತ್ ಹೇಳಾಕತ್ತಿದ್ರಿ" ಎಂದಳು. ಯಾಕೋ ಹೇಳಬೇಕೆನಿಸಿತು. ಹಣ್ಣು ನೋಡುತ್ತಾ ಹೇಳಿದೆ. ನಿಮ್ಮ ಅಜ್ಜ ಹೋದ ಎರಡು ತಿಂಗಳಿಗೆ ವಿಧವಾ ವೇತನದ ಅರ್ಜಿಯ ಫೋಟೋಕ್ಕೆಂದು ನಾನು ಕಮಲಾಪುರದ ಬಜಾರಿನ ಸ್ಟುಡಿಯೋಕ್ಕೆ ಹೋದೆ. ಫೋಟೋದವನು ನಗು ಅನ್ನಲಿಲ್ಲ, ಪಾಪ, "ನೆಟ್ಟಗ ನೋಡ್ರೀ ಯವ್ವಾ" ಎಂದ. ನೆಟ್ಟಗೆ ನೋಡಿದೆ. ಎದುರಿನ ಗೋಡೆಯ ಮೇಲೆ ಮಾದರಿಗೆಂದು ತೂಗುಹಾಕಿದ ಫೋಟೋಗಳ ನಡುವೆ ನಿಮ್ಮ ಅಜ್ಜ ಇದ್ದರು! ಸ್ಟುಡಿಯೋದವರ ಕೋಟು, ಕೊರಳಲ್ಲಿ ಟೈ, ಕೆಳಗೆ ತಮ್ಮದೇ ಧೋತರ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನಗೆ ಜೀವಮಾನವಿಡೀ ಬೈದ ಮನುಷ್ಯ, ನನಗೆ ಹೇಳದೆ ಬಂದು, ಫೌಜದಾರನಂತೆ ಎದೆ ಸೆಟೆಸಿ ನಿಂತಿದ್ದರು. ನಾನು ಬಿದ್ದು ಬಿದ್ದು ನಕ್ಕೆ. ಅದೇ ಹೊತ್ತಿಗೆ ಬೆಳಕು ಮಿಂಚಿತು. ಆ ಫೋಟೋ ನೋಡಿ ಕಚೇರಿಯ ಗುಮಾಸ್ತ ಅರ್ಜಿ ತಿರುಗಿ ಕೊಟ್ಟ. "ಗಂಡ ಸತ್ತಾಕಿ ಹಿಂಗ ನಗ್ತಾರೇನ್ರೀ? ಬ್ಯಾರೆ ತರ್ರಿ" ಎಂದ. ಎರಡನೆಯ ಸಲ ಹೋದಾಗ ಫೋಟೋದವನು ನಿಮ್ಮ ಅಜ್ಜನ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟು, ಆಮೇಲೆ ನನ್ನನ್ನು ಕೂಡಿಸಿದ. ಆಗ ಸರಿಯಾದ ವಿಧವೆಯ ಮುಖ ಬಂತು. ನಗುವ ಫೋಟೋ ಮನೆಯಲ್ಲಿ ಉಳಿಯಿತು, ಕಾಲೇಜಿನ ಗುರುತಿನ ಚೀಟಿಗೆ ಅದನ್ನೇ ಅಂಟಿಸಿದೆ.

ಈಗ ನೋಡಿ ನನ್ನ ಬುದ್ಧಿ. ಇಷ್ಟೆಲ್ಲ ನನ್ನ ಮೈಮೇಲೆ ನಡೆದಿತ್ತು. ಆದರೂ ಯಾರೋ ಒಬ್ಬರು ಆ ಕುರ್ಚಿಯ ಮೇಲೆ ರೊಕ್ಕಕ್ಕೆ ಬಾಯಿಬಿಡುವ ಮುದುಕಿಯನ್ನು ಕೂಡಿಸಿ ಅಣಕಿಸಿದರೆ, ನಾನು ಎಂಟು ವರ್ಷ ಎರಡು ಗೆರೆ ಎಳೆದು ನಕ್ಕೆ. ಅವರಿಗಿಂತ ದಡ್ಡರು ಯಾರಾದರೂ ಇದ್ದರೆ ಅದು ನಾನೇ.

ನಾಜಿಯಾ ನಕ್ಕಳು, ಕಣ್ಣೊರೆಸಿಕೊಂಡಳು, "ಮತ್ತೊಮ್ಮೆ ಹೇಳ್ರಿ" ಎಂದಳು. ಬಸ್ಸು ಬರುವಷ್ಟರಲ್ಲಿ ಮೂರು ಸಲ ಹೇಳಿಸಿದಳು. "ಸೋಮವಾರ ಇದೇ ಹೇಳ್ರಿ ಖಾಲಾ."

ಸೋಮವಾರ ಬೆಳಿಗ್ಗೆ ಮೋಟರ್ ಸೈಕಲ್ಲು ತೆಗೆದ ನಿಮ್ಮ ಅಪ್ಪನಿಗೆ, "ಬಸವರಾಜಾ, ನೀ ಬರಬ್ಯಾಡ. ಆ ಬಸ್ಸಿಗಿ ಕಲಬುರಗಿ ಗೊತ್ತದ, ನನಗೂ ಗೊತ್ತದ" ಎಂದೆ. ಅವನು ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲೇ ನಿಂತಿದ್ದ. ತರಗತಿಯಲ್ಲಿ ಎದ್ದು ಹೋದೆ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದೆ, ಬಾಯಿಯವರೆಗೆ ಬರದಂತೆ. "ನಮ್ಮೂರು ಕಮಲಾಪುರ. ಅಲ್ಲಿ ಒಂದು ಫೋಟೋ ಸ್ಟುಡಿಯೋ ಅದ" ಎಂದು ಶುರು ಮಾಡಿದೆ. ತೊದಲಿದೆ, ಎರಡು ಸಲ ನಿಂತೆ. ಆದರೆ ಕೆಮ್ಮು ನನ್ನದೇ ಇತ್ತು. "ನೆಟ್ಟಗ ನೋಡಿದೆ" ಎನ್ನುವಷ್ಟರಲ್ಲಿ ಮೂರನೆಯ ಬೆಂಚಿನಿಂದ ನಾಜಿಯಾ ಗೊಳ್ಳೆಂದು ನಕ್ಕಳು. ಅಜ್ಜ ಇನ್ನೂ ಗೋಡೆಯ ಮೇಲೆ ಬಂದೇ ಇರಲಿಲ್ಲ! ಎಲ್ಲರೂ ಅವಳ ಕಡೆ ತಿರುಗಿ ನಕ್ಕರು. ನಾನು ಕಾದೆ, ನಗು ಇಳಿದ ಮೇಲೆ ಮುಂದುವರಿಸಿದೆ, ಮುಗಿಸಿದೆ. ಕೊನೆಗೆ ಯಾರೂ ನಗಲಿಲ್ಲ. ಮೇಡಂ ಹತ್ತಕ್ಕೆ ಆರು ಕೊಟ್ಟು, ‘ವಿಷಯ ಬಿಟ್ಟು ಮಾತಾಡಿದ್ದಾರೆ’ ಎಂದು ಬರೆದರು. ಮಂಗಳವಾರವೂ ಹೋದೆ. ಈಗ ಎರಡನೆಯ ವರ್ಷದಲ್ಲಿದ್ದೇನೆ.

ಇಲ್ಲಿಗೆ ಮುಗಿಸಿದ್ದರೆ ನಿಮ್ಮ ಆಯಿ ಬಹಳ ಜಾಣೆ ಎಂದು ಆಗುತ್ತಿತ್ತು. ಆದರೆ ಅಂದಿನಿಂದ ಆ ಫೋಟೋದ ಕಥೆಯನ್ನು ನಾನು ಕಂಡಕ್ಟರನಿಗೆ ಹೇಳಿದ್ದೇನೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದ್ದೇನೆ, ಬೀಗರ ಮನೆಯಲ್ಲಿ ಎರಡು ಸಲ ಹೇಳಿದ್ದೇನೆ. ಒಂದು ಕಡೆ ನಿಲ್ಲಿಸಿ ನೀರು ಕುಡಿಯುವುದನ್ನೂ ಕಲಿತಿದ್ದೇನೆ. ಹೋದ ವಾರ ಮತ್ತೆ ನಿಮಗೆ ಹೇಳತೊಡಗಿದಾಗ ಸಮರ್ಥ, "ಆಯಿ, ಕೋಟು ಬಂತು, ಈಗ ನಗ್ಲೇನು?" ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಎಲ್ಲಾ ಗೊತ್ತಿದ್ರ ನೀನೇ ಹೇಳೋ!" ಎಂದುಬಿಟ್ಟೆ. ಆ ದನಿ ಯಾರದೆಂದು ನನಗೆ ಚೆನ್ನಾಗಿ ಗೊತ್ತು. ಕೈಯಲ್ಲಿ ಗೋಡಂಬಿ ಒಂದು ಇರಲಿಲ್ಲ, ಅಷ್ಟೇ.

ಆದ್ದರಿಂದ ಮಕ್ಕಳೇ, ಈ ಹಾಳೆಗಳನ್ನು ಎಲ್ಲಿಯೂ ಕಳೆಯದೆ, ನಿಮ್ಮ ಶಾಲೆಯ ಚೀಲದಲ್ಲಿ ಅಲ್ಲ, ಅಜ್ಜನ ಟ್ರಂಕಿನಲ್ಲಿ ಜೋಪಾನವಾಗಿ ಇಡಿರಿ. ನಾನು ಇನ್ನೊಮ್ಮೆ "ನಮ್ಮೂರಾಗ ಒಂದು ಫೋಟೋ ಸ್ಟುಡಿಯೋ" ಎಂದು ಬಾಯಿ ತೆರೆದ ದಿನ, ಏನೂ ಮಾತಾಡದೆ, ತೆಗೆದು ನನ್ನ ಕೈಗೆ ಕೊಡಿರಿ.